ವಿದೇಶಿ ಲೈಸೆನ್ಸ್, ಊರಿನ ರಸ್ತೆ: ಮಧುಗಿರಿ ಸೀಮೆಯ ಮನೆಗಳಿಗೂ ಬಂದ ಪ್ರಶ್ನೆ

ಗಲ್ಫ್‌ನಿಂದ ರಜೆಯಲ್ಲಿ ಬಂದ ಮಗ ಮರುದಿನವೇ ಅಂಗಳದಲ್ಲಿ ನಿಂತ ಕಾರಿನ ಕೀಲಿ ಕೈಗೆತ್ತಿಕೊಳ್ಳುವುದು ನಮ್ಮ ಕರಾವಳಿಯ ಮನೆಗಳಲ್ಲಿ ದಶಕಗಳಿಂದ ಕಂಡ ನೋಟ. "ಅಲ್ಲಿ ಓಡಿಸಿದವನಿಗೆ ಇಲ್ಲಿ ಓಡಿಸುವುದೇನು ಕಷ್ಟ?" ಎಂದು ಹಿರಿಯರೂ ಹೆಮ್ಮೆಯಿಂದಲೇ ಹೇಳುತ್ತಾರೆ. ಈ ಹೆಮ್ಮೆಯ ಹಿಂದೆ ಎಂಥ ಅಪಾಯ ಅಡಗಿದೆ ಎಂಬುದನ್ನು ಕರಾವಳಿಯ ಹಲವು ಕುಟುಂಬಗಳು ಕಷ್ಟಪಟ್ಟೇ ಕಲಿತಿವೆ. ಈಗ ಘಟ್ಟದ ಮೇಲಿನ ಬಯಲುಸೀಮೆಯ ಯುವಕರೂ ವಿದೇಶಗಳಿಗೆ ಹೋಗುತ್ತಿದ್ದಾರೆ, ರಜೆಯಲ್ಲಿ ಮರಳುತ್ತಿದ್ದಾರೆ. ಆದ್ದರಿಂದ ಈ ಬಾರಿ ನಾವು ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲೂಕುಗಳನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ಪರಿಶೀಲಿಸಲು ಬಯಸುತ್ತೇವೆ.

ಈ ನಾಲ್ಕು ತಾಲೂಕುಗಳು ಸೇರಿ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿವೆ. ಕಡಲೆಕಾಯಿ, ರಾಗಿ ಬೆಳೆಯುವ ಮಳೆಯಾಶ್ರಿತ ನೆಲ ಇದು. ಮಳೆ ಕೈಕೊಟ್ಟರೆ ದುಡಿಯಲು ಊರು ಬಿಡುವುದು ಇಲ್ಲಿಯ ಹಳೆಯ ಕಥೆ. ಪಾವಗಡದ ತಿರುಮಣಿ ಸುತ್ತ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಬಂದ ಮೇಲೆ ಹೊರಗಿನವರ ಓಡಾಟ ಹೆಚ್ಚಿದೆ. ಶಿರಾ ಪಟ್ಟಣ ಬೆಂಗಳೂರು-ಪುಣೆ ರಾಷ್ಟ್ರೀಯ ಹೆದ್ದಾರಿ 48ರ ಮೇಲಿದೆ. ಮಧುಗಿರಿಯ ಏಕಶಿಲಾ ಬೆಟ್ಟ, ಮೈದನಹಳ್ಳಿಯ ಕೃಷ್ಣಮೃಗಗಳು, ಕೊರಟಗೆರೆ ತಾಲೂಕಿನ ಗೊರವನಹಳ್ಳಿಯ ಮಹಾಲಕ್ಷ್ಮಿ ದೇವಸ್ಥಾನ, ಪಾವಗಡದ ಶನಿಮಹಾತ್ಮ ದೇವಸ್ಥಾನ ಇವೆಲ್ಲ ಕಾರುಗಳಲ್ಲಿ ಬರುವವರನ್ನು ಸೆಳೆಯುವ ಸ್ಥಳಗಳು. ಮಧುಗಿರಿಯಲ್ಲಿ ಈಗ ಸಹಾಯಕ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಚೇರಿಯೂ ಇದೆ. ಕೆಎ-64 ಎಂಬ ನಂಬರ್ ಪ್ಲೇಟು ಅಲ್ಲಿಯದೇ.

ಪಾವಗಡ ತಾಲೂಕನ್ನು ಮೂರು ದಿಕ್ಕುಗಳಲ್ಲಿ ಆಂಧ್ರಪ್ರದೇಶ ಸುತ್ತುವರಿದಿದೆ. ಅಲ್ಲಿಯ ಜನ ಬೆಳಿಗ್ಗೆ ಗಡಿ ದಾಟಿ ಸಂಜೆ ಮರಳುವವರು. ಮಧುಗಿರಿಯಲ್ಲಿ ಮಾಡಿಸಿದ ಲೈಸೆನ್ಸ್ ಮಡಕಶಿರಾದಲ್ಲೂ ನಡೆಯುತ್ತದೆ, ಇನ್ಶೂರೆನ್ಸೂ ನಡೆಯುತ್ತದೆ. ಹೀಗಾಗಿ ಲೈಸೆನ್ಸ್ ಎಂದರೆ ಎಲ್ಲಿ ಹೋದರೂ ಲೈಸೆನ್ಸೇ ಎಂಬ ಭಾವನೆ ಸಹಜವಾಗಿಯೇ ಬೆಳೆದಿದೆ. ರಾಜ್ಯದ ಗಡಿಗೆ ಇದು ನಿಜ. ದೇಶದ ಗಡಿಗೆ ನಿಜವಲ್ಲ.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 3ನೇ ಕಲಮಿನ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ವಾಹನ ಓಡಿಸುವವನ ಬಳಿ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು. ಆ ಲೈಸೆನ್ಸ್ ಈ ದೇಶದ ಅಧಿಕಾರಿ ಇದೇ ಕಾಯ್ದೆಯಡಿ ಕೊಟ್ಟದ್ದಾಗಿರಬೇಕು. ದುಬೈ, ದೋಹಾ, ಕುವೈತ್ ಅಥವಾ ಟೊರೊಂಟೊದ ಕಾರ್ಡು ಎಷ್ಟೇ ಅಂದವಾಗಿದ್ದರೂ ಅದೊಂದೇ ಇಲ್ಲಿ ಸಾಲದು. ತಾತ್ಕಾಲಿಕವಾಗಿ ಬರುವವರಿಗೆ 1949ರ ಜಿನೀವಾ ಒಪ್ಪಂದದಂತೆ ಅಂತಾರಾಷ್ಟ್ರೀಯ ಚಾಲನಾ ಪರ್ಮಿಟ್ ಎಂಬ ಅನುಕೂಲವಿದೆ. ಅದನ್ನು ಲೈಸೆನ್ಸ್ ಕೊಟ್ಟ ದೇಶದಲ್ಲಿಯೇ ಮಾಡಿಸಿಕೊಂಡು ಬರಬೇಕು. ಅವಧಿ ಒಂದು ವರ್ಷ. ಮೂಲ ಲೈಸೆನ್ಸ್ ಜತೆಗಿದ್ದರೆ ಮಾತ್ರ ಅದಕ್ಕೆ ಬೆಲೆ. ಮೂಲ ಲೈಸೆನ್ಸ್ ಯಾವ ಬಗೆಯ ವಾಹನಕ್ಕೆ ಕೊಟ್ಟದ್ದೋ ಅದಕ್ಕೆ ಮಾತ್ರ ಅನುಮತಿ. ಗಲ್ಫ್‌ನಲ್ಲಿ ಕಾರಿಗೆ ಲೈಸೆನ್ಸ್ ಪಡೆದವನು ಊರಿನಲ್ಲಿ ತಮ್ಮನ ಬೈಕು ಹತ್ತಿದರೆ ಅದು ಲೈಸೆನ್ಸ್ ಇಲ್ಲದ ಸವಾರಿಯೇ ಸರಿ.

ಇನ್ನೊಂದು ವರ್ಗದವರೂ ಇದ್ದಾರೆ. ಊರು ಬಿಡುವ ಮುನ್ನವೇ ಇಲ್ಲಿ ಡಿ.ಎಲ್. ಮಾಡಿಸಿಕೊಂಡು ಹೋದವರು. ಅದು ಎಂದು ಮುಗಿಯಿತು ಎಂಬುದೇ ಅವರಲ್ಲಿ ಹಲವರಿಗೆ ನೆನಪಿರುವುದಿಲ್ಲ. ಮೊದಲು ಅವಧಿ ಮುಗಿದ ಮೇಲೂ 30 ದಿನ ಲೈಸೆನ್ಸ್ ಚಾಲ್ತಿಯಲ್ಲಿರುತ್ತಿತ್ತು. 2019ರ ತಿದ್ದುಪಡಿ ಈ ರಿಯಾಯಿತಿಯನ್ನು ತೆಗೆದುಹಾಕಿತು. ಮುಗಿಯುವ ಒಂದು ವರ್ಷ ಮೊದಲೇ ನವೀಕರಿಸಿಕೊಳ್ಳುವ ಅವಕಾಶವನ್ನು ಅದೇ ತಿದ್ದುಪಡಿ ಕೊಟ್ಟಿದೆ. ಅವಧಿ ಮುಗಿದು ಒಂದು ವರ್ಷ ದಾಟಿದರೆ ನವೀಕರಣಕ್ಕೆ ಮತ್ತೆ ಚಾಲನಾ ಪರೀಕ್ಷೆ ಕೊಡಬೇಕು.

ದಂಡಕ್ಕಿಂತ ದೊಡ್ಡ ಹೊರೆ

ಸಿಕ್ಕಿಬಿದ್ದರೆ ದಂಡ ಕಟ್ಟಿದರಾಯಿತು ಎನ್ನುವವರಿದ್ದಾರೆ. ಲೈಸೆನ್ಸ್ ಇಲ್ಲದೆ ಓಡಿಸಿದವನಿಗೆ 2019ರ ತಿದ್ದುಪಡಿ 5,000 ರೂ. ದಂಡ ಅಥವಾ ಮೂರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡನ್ನೂ ಹೇಳಿತು. ಅಂಥವನ ಕೈಗೆ ವಾಹನ ಕೊಟ್ಟ ಮಾಲೀಕನಿಗೂ 5,000 ರೂ. ದಂಡವಿದೆ. ಕರ್ನಾಟಕ ಸರಕಾರ ಅದೇ ವರ್ಷ ಹಲವು ದಂಡಗಳನ್ನು ತಗ್ಗಿಸಿತು. ಆದರೆ ನಾವು ಹೇಳಹೊರಟದ್ದು ದಂಡದ ಮಾತಲ್ಲ, ಇನ್ಶೂರೆನ್ಸಿನ ಮಾತು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ದುಬೈಯಲ್ಲಿ ಐದು ವರ್ಷ ಕಾರು ಓಡಿಸಿದ ತರುಣ ರಜೆಗೆಂದು ಶಿರಾ ಬಳಿಯ ತನ್ನ ಹಳ್ಳಿಗೆ ಬರುತ್ತಾನೆ. ಕಾರು ಅಪ್ಪನ ಹೆಸರಿನಲ್ಲಿದೆ, ಫುಲ್ ಇನ್ಶೂರೆನ್ಸ್ ಇದೆ. ಮನೆಯವರನ್ನು ಗೊರವನಹಳ್ಳಿಗೆ ಕರೆದುಕೊಂಡು ಹೋಗಿ ಮರಳುವಾಗ ಕತ್ತಲಲ್ಲಿ ಸೈಕಲ್ ಸವಾರನೊಬ್ಬನಿಗೆ ಕಾರು ತಾಗುತ್ತದೆ. ಅಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸಿ ಅಭ್ಯಾಸ, ಇಲ್ಲಿ ಎಡಬದಿ. ತಪ್ಪು ಯಾರದೇ ಇರಲಿ, ಸೈಕಲ್ಲಿನವನು ತೀರಿಕೊಂಡ ಎಂದಿಟ್ಟುಕೊಳ್ಳಿ. ಮುಂದೇನು?

ಮೊದಲನೆಯದಾಗಿ, ಜಖಂಗೊಂಡ ಕಾರಿನ ರಿಪೇರಿಗೆ ಇನ್ಶೂರೆನ್ಸ್ ಕಂಪೆನಿ ಹಣ ಕೊಡದು. ಅಪಘಾತದ ಹೊತ್ತಿಗೆ ಓಡಿಸುತ್ತಿದ್ದವನ ಬಳಿ ಚಾಲ್ತಿ ಲೈಸೆನ್ಸ್ ಇರಬೇಕು ಎಂಬ ಷರತ್ತು ಪಾಲಿಸಿಯಲ್ಲಿಯೇ ಮುದ್ರಿತವಾಗಿರುತ್ತದೆ. ಎರಡನೆಯದಾಗಿ, ಮಾಲೀಕನೇ ಓಡಿಸುವಾಗ ಸತ್ತರೆ ಮನೆಯವರಿಗೆ ಸಿಗಬೇಕಾದ 15 ಲಕ್ಷ ರೂ. ವೈಯಕ್ತಿಕ ಅಪಘಾತ ವಿಮೆಗೂ ಇದೇ ಷರತ್ತು. ಕಾರು ತನ್ನದೇ ಹೆಸರಿನಲ್ಲಿದ್ದ ಮಗ ಲೈಸೆನ್ಸ್ ಇಲ್ಲದೆ ಓಡಿಸಿ ಮಡಿದರೆ ಆ ಹಣವೂ ಕೈತಪ್ಪುತ್ತದೆ. ಮೂರನೆಯದೇ ಎಲ್ಲಕ್ಕಿಂತ ಭಾರ. ಸತ್ತವನ ಕುಟುಂಬ ಪರಿಹಾರಕ್ಕಾಗಿ ಮೋಟಾರು ಅಪಘಾತ ನ್ಯಾಯಮಂಡಳಿಗೆ ಹೋಗುತ್ತದೆ. ಥರ್ಡ್ ಪಾರ್ಟಿ ಇನ್ಶೂರೆನ್ಸಿನಲ್ಲಿ ಸಾವಿಗೆ ಕೊಡುವ ಪರಿಹಾರಕ್ಕೆ ಇಂತಿಷ್ಟೇ ಎಂಬ ಮಿತಿಯಿಲ್ಲ. ಸತ್ತವನ ವಯಸ್ಸು, ದುಡಿಮೆ, ಅವಲಂಬಿತರ ಸಂಖ್ಯೆ ನೋಡಿ ಮೊತ್ತ ನಿರ್ಧಾರವಾಗುತ್ತದೆ.

ಈ ಬಗ್ಗೆ ಸುಪ್ರೀಂ ಕೋರ್ಟು 2004ರ ಜನವರಿಯಲ್ಲಿ ನ್ಯಾಷನಲ್ ಇನ್ಶೂರೆನ್ಸ್ ಮತ್ತು ಸ್ವರಣ್ ಸಿಂಗ್ ಪ್ರಕರಣದಲ್ಲಿ ಮಹತ್ವದ ತೀರ್ಪು ಕೊಟ್ಟಿತು. ಚಾಲಕನ ಲೈಸೆನ್ಸಿನ ಕೊರತೆಗಾಗಿ ಬಡಪಾಯಿ ಸಂತ್ರಸ್ತರು ಬರಿಗೈಯಲ್ಲಿ ಹೋಗಬಾರದು ಎಂಬುದೇ ಆ ತೀರ್ಪಿನ ಹುರುಳು. ಕಂಪೆನಿ ಮೊದಲು ಸಂತ್ರಸ್ತರಿಗೆ ಪರಿಹಾರ ಕೊಡಲಿ, ಮಾಲೀಕ ತಿಳಿದೂ ಷರತ್ತು ಮುರಿದಿದ್ದರೆ ಆತನಿಂದ ವಸೂಲು ಮಾಡಿಕೊಳ್ಳಲಿ ಎಂಬ ದಾರಿಯನ್ನು ನ್ಯಾಯಾಲಯಗಳು ಆ ಬಳಿಕ ಹಲವು ಪ್ರಕರಣಗಳಲ್ಲಿ ಹಿಡಿದಿವೆ. ಮಾಲೀಕ ತನ್ನ ಕಡೆಯಿಂದ ಎಚ್ಚರ ವಹಿಸಿದ್ದರೆ ಆತನಿಗೆ ರಕ್ಷಣೆಯೂ ಇದೆ. ಆದರೆ ಮಗನ ಬಳಿ ಇಲ್ಲಿಯ ಲೈಸೆನ್ಸ್ ಇಲ್ಲವೆಂದು ತಿಳಿದೂ ಕೀಲಿ ಕೊಟ್ಟ ತಂದೆ ಯಾವ ಬಾಯಿಯಿಂದ ಎಚ್ಚರ ವಹಿಸಿದ್ದೆ ಎನ್ನಲು ಸಾಧ್ಯ? ಅಂತಿಮವಾಗಿ ವಸೂಲಾತಿ ಬಂದು ನಿಲ್ಲುವುದು ಆ ತಂದೆಯ ಹೊಲದ ಬದುವಿನಲ್ಲಿ.

ಅಪಘಾತ ಎಲ್ಲೋ ದೂರದಲ್ಲಿ ನಡೆಯುವಂಥದ್ದು ಎಂದು ಈ ಸೀಮೆಯವರು ಹೇಳುವಂತಿಲ್ಲ. 2022ರ ಮಾರ್ಚ್ 19ರಂದು ಪಾವಗಡ ತಾಲೂಕಿನ ಪಳವಳ್ಳಿ ಬಳಿ ಖಾಸಗಿ ಬಸ್ಸು ಮಗುಚಿ ವಿದ್ಯಾರ್ಥಿಗಳು ಸೇರಿ ಹಲವರು ಪ್ರಾಣ ಕಳೆದುಕೊಂಡರು. ಅದೇ ವರ್ಷ ಆಗಸ್ಟ್ 25ರ ಬೆಳಗಿನ ಜಾವ ಶಿರಾ ತಾಲೂಕಿನಲ್ಲಿ ಹೆದ್ದಾರಿಯ ಮೇಲೆ ಕ್ರೂಸರ್ ಮತ್ತು ಲಾರಿ ಡಿಕ್ಕಿಯಾಗಿ, ರಾಯಚೂರು ಕಡೆಯಿಂದ ಬೆಂಗಳೂರಿಗೆ ಕೂಲಿಗೆ ಹೊರಟಿದ್ದವರಲ್ಲಿ 9 ಮಂದಿ ಮಡಿದರು. ಈ ಎರಡು ದುರಂತಗಳಿಗೂ ವಿದೇಶಿ ಲೈಸೆನ್ಸಿಗೂ ಸಂಬಂಧವಿಲ್ಲ. ಆದರೆ ರಸ್ತೆಯಲ್ಲಿ ಸಾಯುವವರು ಯಾರು, ಅವರ ಹಿಂದೆ ಉಳಿಯುವವರು ಯಾರು ಎಂಬುದನ್ನು ಇವು ನೆನಪಿಸುತ್ತವೆ. ಥರ್ಡ್ ಪಾರ್ಟಿ ಎಂಬ ಪದದ ಹಿಂದೆ ಇರುವುದು ಇಂಥ ಮನೆಗಳೇ.

ಖರ್ಚಿನ ಲೆಕ್ಕ

ಇಷ್ಟೆಲ್ಲ ಅಪಾಯ ತಪ್ಪಿಸಲು ಎಷ್ಟು ಖರ್ಚಾದೀತು? 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ 1,000 ಸಿ.ಸಿ. ಒಳಗಿನ ಖಾಸಗಿ ಕಾರಿಗೆ ವರ್ಷದ ಥರ್ಡ್ ಪಾರ್ಟಿ ಪ್ರೀಮಿಯಂ 2,094 ರೂ., 1,500 ಸಿ.ಸಿ. ವರೆಗೆ 3,416 ರೂ., ಅದಕ್ಕೂ ಮೇಲ್ಪಟ್ಟ ಕಾರಿಗೆ 7,897 ರೂ. ಎಂದು ನಿಗದಿಯಾಯಿತು. ತೆರಿಗೆ ಬೇರೆ. ಮನೆಯವರು ಈ ಹಣವನ್ನು ತಪ್ಪದೆ ಕಟ್ಟುತ್ತಾರೆ. ಆದರೆ ಲೈಸೆನ್ಸ್ ಇಲ್ಲದವನು ಸ್ಟಿಯರಿಂಗ್ ಹಿಡಿದ ಕ್ಷಣದಲ್ಲಿ ಕಟ್ಟಿದ ಹಣದ ಆಸರೆ ಮಾಲೀಕನಿಗೆ ಇಲ್ಲವಾಗುತ್ತದೆ.

ಈಗ ಇನ್ನೊಂದು ಕಡೆಯ ಲೆಕ್ಕ ನೋಡಿ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2016ರ ಡಿಸೆಂಬರಿನಲ್ಲಿ ಆದ ತಿದ್ದುಪಡಿಯಂತೆ ಎಲ್.ಎಲ್.ಆರ್.ಗೆ 150 ರೂ., ಅದರ ಪರೀಕ್ಷೆಗೆ 50 ರೂ., ಚಾಲನಾ ಪರೀಕ್ಷೆಗೆ 300 ರೂ., ಲೈಸೆನ್ಸಿಗೆ 200 ರೂ. ಒಟ್ಟು 700 ರೂ. ಇತರ ಸಣ್ಣಪುಟ್ಟ ಶುಲ್ಕ ಸೇರಿದರೂ ದೊಡ್ಡ ಮೊತ್ತವೇನಲ್ಲ.

ಹೆಚ್ಚಿನವರಿಗೆ ತಿಳಿಯದ ಇನ್ನೊಂದು ಅಂಶ ಇಲ್ಲಿದೆ. ಅದೇ ಕಾಯ್ದೆಯ 9ನೇ ಕಲಮಿನಲ್ಲಿ ವಿದೇಶದ ಅಧಿಕಾರಿ ಕೊಟ್ಟ ಲೈಸೆನ್ಸ್ ಹೊಂದಿರುವವರಿಗೆ, ಅದೇ ಬಗೆಯ ವಾಹನಕ್ಕೆ, ವೈದ್ಯಕೀಯ ಪ್ರಮಾಣಪತ್ರದ ಷರತ್ತಿನ ಮೇಲೆ ಚಾಲನಾ ಪರೀಕ್ಷೆಯಿಂದ ವಿನಾಯಿತಿ ಇದೆ. ಅಂದರೆ ಕಾನೂನು ಹೊರಗಿನ ಅನುಭವವನ್ನು ತಿರಸ್ಕರಿಸಿಲ್ಲ. ಕಚೇರಿಗೆ ಬಂದು ಹೇಳು, ನೋಂದಾಯಿಸಿಕೋ ಎಂದಷ್ಟೇ ಕೇಳುತ್ತದೆ. ಬಾಗಿಲು ತೆರೆದೇ ಇದೆ. ನಾವು ಮೆಟ್ಟಿಲು ಹತ್ತುವುದಿಲ್ಲ.

ವಿದೇಶದಲ್ಲಿ ಕ್ಲೇಮು ಇಲ್ಲದೆ ಕಾರು ಓಡಿಸಿದವರು ಅಲ್ಲಿಯ ಕಂಪೆನಿಯಿಂದ ನೋ ಕ್ಲೇಮ್ ಬೋನಸ್ ಪತ್ರ ತರಲಿ. ಅಲ್ಲಿಯ ಪಾಲಿಸಿ ಮುಗಿದ ಮೂರು ವರ್ಷದೊಳಗೆ ಇಲ್ಲಿ ಹೊಸ ಪಾಲಿಸಿ ಮಾಡಿಸಿದರೆ ಆ ರಿಯಾಯಿತಿ ಕೊಡಬಹುದು ಎಂದು ನಮ್ಮ ಮೋಟಾರು ವಿಮೆಯ ಹಳೆಯ ದರಪಟ್ಟಿಯ ನಿಯಮಗಳಲ್ಲಿಯೇ ಹೇಳಿದೆ. ಏಜೆಂಟರನ್ನು ಕೇಳಿ ನೋಡುವುದರಲ್ಲಿ ನಷ್ಟವಿಲ್ಲ.

ಹೋಗುವವರ ಪಾಡು

ಇದೇ ಕಥೆ ತಿರುಗುಮುರುಗಾಗಿ ಹೋಗುವವರನ್ನೂ ಕಾಡುತ್ತದೆ. ಊರಿನಲ್ಲಿ ಹತ್ತು ವರ್ಷ ಓಡಿಸಿದವನೂ ಯು.ಎ.ಇ.ಯಲ್ಲಿ ನೆಲೆಸಿದ ಮೇಲೆ ಅಲ್ಲಿಯ ಪರೀಕ್ಷೆ ಪಾಸಾಗಲೇಬೇಕು. ಬ್ರಿಟನ್ನಿನಲ್ಲಿ ನೆಲೆಸಿದವರು ಭಾರತದ ಲೈಸೆನ್ಸಿನಲ್ಲಿ 12 ತಿಂಗಳು ಓಡಿಸಬಹುದು, ಬಳಿಕ ಅಲ್ಲಿಯ ಪರೀಕ್ಷೆ ಅನಿವಾರ್ಯ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಈ ಅವಧಿ 60 ದಿನ ಮಾತ್ರ. ಅಲ್ಲಿಯ ಇನ್ಶೂರೆನ್ಸ್ ಕಂಪೆನಿಗಳ ಕಣ್ಣಿಗೆ ಹೊಸದಾಗಿ ಬಂದವನು ಪೂರ್ವಚರಿತ್ರೆಯಿಲ್ಲದ ಚಾಲಕ. ಪ್ರೀಮಿಯಂ ದುಬಾರಿಯಾಗುವುದು ಇದೇ ಕಾರಣಕ್ಕೆ. ಹೊರಡುವ ಮುನ್ನ ಆರ್.ಟಿ.ಓ. ಕಚೇರಿಯಿಂದ ಡಿ.ಎಲ್. ಎಕ್ಸ್‌ಟ್ರ್ಯಾಕ್ಟ್, ಇನ್ಶೂರೆನ್ಸ್ ಕಂಪೆನಿಯಿಂದ ನೋ ಕ್ಲೇಮ್ ಪತ್ರ ಮತ್ತು 1,000 ರೂ. ಶುಲ್ಕದ ಅಂತಾರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಂಡರೆ ಈ ಹೊರೆ ಸ್ವಲ್ಪವಾದರೂ ಇಳಿದೀತು. ವಿದೇಶದಲ್ಲಿರುವಾಗ ಪರ್ಮಿಟ್ ಅವಧಿ ಮುಗಿದರೆ ಭಾರತೀಯ ರಾಯಭಾರ ಕಚೇರಿಯ ಮೂಲಕ ಅರ್ಜಿ ಹಾಕುವ ವ್ಯವಸ್ಥೆ 2021ರ ಜನವರಿಯಿಂದ ಬಂದಿದೆ.

ಅಲ್ಲಿಯ ಕಾನೂನಿಗೆ ನಮ್ಮವರು ತಲೆಬಾಗುತ್ತಾರೆ. ತಿಂಗಳುಗಟ್ಟಲೆ ಕಾದು, ಸಂಬಳದ ದೊಡ್ಡ ಪಾಲು ಡ್ರೈವಿಂಗ್ ಶಾಲೆಗೆ ಸುರಿದು, ಎರಡು ಮೂರು ಸಲ ಫೇಲಾಗಿಯಾದರೂ ಲೈಸೆನ್ಸ್ ಪಡೆಯುತ್ತಾರೆ. ಅದೇ ವ್ಯಕ್ತಿ ಊರಿಗೆ ಬಂದಾಗ "ನಮ್ಮೂರು ತಾನೆ, ಯಾರು ಕೇಳುತ್ತಾರೆ" ಎನ್ನುವುದೇಕೆ? ಪೊಲೀಸರು ಕೇಳದಿರಬಹುದು. ಆದರೆ ಅಪಘಾತವಾದ ದಿನ ಇನ್ಶೂರೆನ್ಸ್ ಕಂಪೆನಿಯ ವಕೀಲರು ಕೇಳಿಯೇ ಕೇಳುತ್ತಾರೆ.

ಸಾರಿಗೆ ಇಲಾಖೆಯೂ ತನ್ನ ಪಾಲಿನ ಕೆಲಸ ಮಾಡಬೇಕು. 9ನೇ ಕಲಮಿನ ವಿನಾಯಿತಿಯನ್ನು ಕನ್ನಡದಲ್ಲಿ ಬರೆದು ಕಚೇರಿಯ ಗೋಡೆಗೆ ಅಂಟಿಸಲು ಹೆಚ್ಚಿನ ವೆಚ್ಚವಿಲ್ಲ. ಪಾಲಿಸಿ ಮಾರುವ ಏಜೆಂಟರು ಮನೆಯಲ್ಲಿ ಕಾರು ಓಡಿಸುವವರು ಯಾರು ಯಾರು, ಅವರ ಲೈಸೆನ್ಸ್ ಎಲ್ಲಿಯದು ಎಂದು ಒಂದು ಮಾತು ಕೇಳಿದರೆ ಎಷ್ಟೋ ಮನೆಗಳು ಉಳಿದಾವು. ಎಲ್ಲಕ್ಕಿಂತ ಮಿಗಿಲಾಗಿ, ಕೀಲಿ ಕೊಡುವ ಹಿರಿಯರು ಮಗನಿಗೆ ಬೇಸರವಾದೀತು ಎಂಬ ಸಂಕೋಚ ಬಿಟ್ಟು ಲೈಸೆನ್ಸ್ ತೋರಿಸು ಎನ್ನಬೇಕು. ಇಲ್ಲಿಯ ಲೈಸೆನ್ಸ್ ಕೈಗೆ ಬರುವ ತನಕ ಊರಿನ ಡ್ರೈವರನೊಬ್ಬನಿಗೆ ದಿನಗೂಲಿ ಕೊಟ್ಟು ಕರೆದೊಯ್ದರೆ ಮರ್ಯಾದೆಗೇನೂ ಕುಂದಿಲ್ಲ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ಕರಾವಳಿಯಲ್ಲೂ ಇದೆ, ಬಯಲುಸೀಮೆಯಲ್ಲೂ ಇದೆ. 700 ರೂಪಾಯಿಗಾಗಿ ಹೊಲ ಕಳೆದುಕೊಳ್ಳುವ ಸ್ಥಿತಿ ಯಾವ ಮನೆಗೂ ಬಾರದಿರಲಿ. ಈ ಸಲ ರಜೆಗೆ ಬರುವ ಮಗನಿಗೋ ಮಗಳಿಗೋ ಫೋನು ಮಾಡುವಾಗ ಏನೇನು ತರಬೇಕೆಂಬ ಪಟ್ಟಿಯ ಜತೆಗೆ ಒಂದು ಪ್ರಶ್ನೆಯನ್ನೂ ಸೇರಿಸಿ: "ನಿನ್ನ ಇಲ್ಲಿಯ ಲೈಸೆನ್ಸ್ ಯಾವ ತಾರೀಖಿನವರೆಗಿದೆ?"