‘ಲಾಯ್ಕುಂಟು ಟೀಚರ್’ ಅಂದರೆ ಸಾಲದು

ಮಕ್ಕಳೇ, ಲ್ಯಾಬಿನಲ್ಲಿ ಹೊಸ ಸಾಫ್ಟ್‌ವೇರ್ ತೋರಿಸಿ “ಹೇಗುಂಟು?” ಎಂದು ಕೇಳಿದರೆ ನಿಮ್ಮಿಂದ ಬರುವ ಉತ್ತರ ಒಂದೇ: “ಲಾಯ್ಕುಂಟು ಟೀಚರ್.” ಮರ್ಯಾದೆಗೆ ಹೇಳುವ ಮಾತದು. ಆದರೆ ಸಾಫ್ಟ್‌ವೇರ್ ಮಾಡಿದವರಿಗೆ ಅದರಿಂದ ಮೂರು ಕಾಸಿನ ಪ್ರಯೋಜನ ಇಲ್ಲ. ನೀವು ಎಲ್ಲಿ ಎಡವಿದಿರಿ ಎನ್ನುವುದು ಅವರಿಗೆ ಬೇಕು.

ಬ್ಯಾಟರಿ, ಬಲ್ಬು, ತಂತಿ ಜೋಡಿಸಿ ವಿದ್ಯುನ್ಮಂಡಲ ಕಟ್ಟುವ ‘ಫೆಟ್’ ಸಿಮ್ಯುಲೇಷನ್ ನಿಮ್ಮಲ್ಲಿ ಹಲವರಿಗೆ ಗೊತ್ತು. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ವೀಮನ್ 2002ರಲ್ಲಿ ಇದನ್ನು ಆರಂಭಿಸಿದರು. 2001ರ ಭೌತವಿಜ್ಞಾನ ನೊಬೆಲ್ ಹಂಚಿಕೊಂಡ ಮೂವರಲ್ಲಿ ಅವರೊಬ್ಬರು. (ನಮ್ಮ ಸತ್ಯೇಂದ್ರನಾಥ ಬೋಸರ ಹೆಸರು ಹೊತ್ತ ಬೋಸ್–ಐನ್‌ಸ್ಟೈನ್ ಕಂಡೆನ್ಸೇಟನ್ನು ಪ್ರಯೋಗಾಲಯದಲ್ಲಿ ಮಾಡಿ ತೋರಿಸಿದ್ದಕ್ಕೆ!) ಅಷ್ಟು ದೊಡ್ಡ ವಿಜ್ಞಾನಿಯ ತಂಡ ಏನು ಮಾಡಿತು ನೋಡಿ. ವಿದ್ಯಾರ್ಥಿಯೊಬ್ಬನನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಮನಸ್ಸಿಗೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಹೇಳುತ್ತಾ ಬಳಸು ಎಂದಿತು. ತಾವು ಏನೂ ಹೇಳಿಕೊಡದೆ, ಪಕ್ಕದಲ್ಲಿ ಕೂತು ಬರೆದುಕೊಂಡರು.

ರೇಡಿಯೊ ಅಲೆಗಳ ಸಿಮ್ಯುಲೇಷನ್‌ನಲ್ಲಿ ಒಂದು ತಮಾಷೆ ಆಯಿತು. ತೆರೆದ ಕೂಡಲೇ ಇಡೀ ತೆರೆಯ ತುಂಬ ವಿದ್ಯುತ್‌ಕ್ಷೇತ್ರ ಅಲೆಯಲೆಯಾಗಿ ಹರಡುವ ದೃಶ್ಯ ಪ್ರೊಫೆಸರರಿಗೆ ಬಹಳ ಇಷ್ಟ. ವಿದ್ಯಾರ್ಥಿಗಳು ಮಾತ್ರ ಏನನ್ನೂ ಮುಟ್ಟದೆ ಸುಮ್ಮನೆ ನೋಡುತ್ತಾ ಕೂತರು. ಹಾಗಾಗಿ ಆರಂಭವನ್ನೇ ಸರಳ ಮಾಡಿದರು: ಮೊದಲು ಎಲೆಕ್ಟ್ರಾನನ್ನು ನೀವೇ ಹಿಡಿದು ಅಲ್ಲಾಡಿಸಬೇಕು, ಆಮೇಲೆ ಅಲೆ. ತೆರೆಯ ಮೇಲೆ ಉದ್ದುದ್ದ ಸೂಚನೆ ಬರೆದರೆ ಯಾರೂ ಓದುವುದಿಲ್ಲ ಅನ್ನುವುದೂ ಹೀಗೆಯೇ ಗೊತ್ತಾದದ್ದು. ಸೂಚನೆ ಓದದ ಅಭ್ಯಾಸ ನಮ್ಮ ಊರಿನದ್ದು ಮಾತ್ರ ಅಲ್ಲ ಅಂತಾಯ್ತು.

ಬಳಸುವವರು ಕೇಳಿದ್ದನ್ನೆಲ್ಲ ಮಾಡಿಕೊಡಬೇಕೇ? ಖಂಡಿತ ಬೇಡ. “ಉತ್ತರ ಅದೇ ಹೇಳಿಬಿಡಲಿ” ಎಂದು ನೀವು ಕೇಳಿಯೇ ಕೇಳುತ್ತೀರಿ. ತೊಂದರೆ ಹೇಳುವುದು ಬಳಸುವವರ ಕೆಲಸ, ಪರಿಹಾರ ಹುಡುಕುವುದು ಮಾಡುವವರ ಕೆಲಸ ಅಂತ ನನ್ನ ಅಭಿಪ್ರಾಯ. ಐದು ನಕ್ಷತ್ರ ಒತ್ತಿ ಬಿಡುವುದರಿಂದ ಇವೆರಡರಲ್ಲಿ ಒಂದೂ ಆಗುವುದಿಲ್ಲ.

ಇನ್ನು ನಮ್ಮ ವಿಷಯ. ಫೆಟ್‌ನ ಎಷ್ಟೋ ಸಿಮ್ಯುಲೇಷನ್‌ಗಳು ಕನ್ನಡದಲ್ಲೂ ಸಿಗುತ್ತವೆ. ಅನುವಾದ ಮಾಡುವವರು ಸ್ವಯಂಸೇವಕರು. ಒಬ್ಬರು ‘ರೋಧ’ ಎಂದರೆ ಇನ್ನೊಬ್ಬರು ‘ಪ್ರತಿರೋಧ’ ಅನ್ನಬಹುದು. ಕಾಸರಗೋಡಿನ ಪುಸ್ತಕದಲ್ಲಿ, ಜತ್ತಿನ ಪುಸ್ತಕದಲ್ಲಿ ಯಾವ ಪದ ಇದೆ ಎಂದು ಅವರಿಗೆ ತಿಳಿಸುವವರು ಯಾರು? ಆ ಪುಸ್ತಕ ಓದುವವರು ನೀವು. ನಾವು ಸುಮ್ಮನಿದ್ದರೆ ಇಲ್ಲಿ ಕನ್ನಡದಲ್ಲಿ ಬಳಸುವವರೇ ಇಲ್ಲ ಎಂದು ಲೆಕ್ಕ. ಬಳಸುವವರಿಲ್ಲದ ಭಾಷೆಗೆ ಯಾರು ತಾನೇ ಸಮಯ ಕೊಡುತ್ತಾರೆ?

ಬರೆಯುವುದು ಕಷ್ಟ ಅಲ್ಲ, ಪ್ರಯೋಗದ ರೆಕಾರ್ಡಿನ ಹಾಗೆಯೇ. ಏನು ಮಾಡಿದೆ, ಏನು ಆಗಬೇಕಿತ್ತು, ಏನು ಆಯಿತು. “ಸರಿ ಇಲ್ಲ” ಅಂತ ಬರೆದರೆ ಉಪಯೋಗವಿಲ್ಲ. “ಫೋನಿನಲ್ಲಿ ತೆರೆದೆ, ಬಲ್ಬನ್ನು ಒತ್ತಿದೆ, ಕನ್ನಡ ಪದದ ಕೊನೆಯ ಎರಡು ಅಕ್ಷರ ಕಾಣಲಿಲ್ಲ” ಅಂತ ಬರೆಯಿರಿ. ಅದೇ ಮತ್ತೊಮ್ಮೆ ಮಾಡಿದಾಗಲೂ ಹಾಗೇ ಆಯಿತೋ ನೋಡಿ, ಅದನ್ನೂ ಸೇರಿಸಿ. ಕನ್ನಡದಲ್ಲೇ ಬರೆದು ನಿಮ್ಮ ಟೀಚರ ಕೈಗೆ ಕೊಡಿ. ಇಂಗ್ಲಿಷಿಗೆ ಹಾಕಿ ಕಳುಹಿಸುವ ಕೆಲಸ ನಮಗಿರಲಿ.