ಓಕ್ ತೋಪಿನಲ್ಲಿ ನಾಲ್ಕು ಡಿಗ್ರಿ

ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ, ಲಾಸ್ ಏಂಜಲಿಸ್ ನಗರಕ್ಕೆ ಉತ್ತರದ ಬೆಟ್ಟಸಾಲಿನ ಬುಡದಲ್ಲಿ ಓಕ್ ಗ್ರೋವ್ ಎಂಬ ಉದ್ಯಾನವಿತ್ತು. ಈಗ ಅದರ ಹೆಸರು ಹಹಮೊಂಗ್ನ. ಹೆಸರು ಬದಲಾದರೂ ಹಳೆಯ ಓಕ್ ಮರಗಳ ತೋಪು ಹಾಗೇ ಇದೆ. ನೆರೆಯಲ್ಲೇ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ. ವಾಯೇಜರ್ ನೌಕೆಗಳನ್ನು ಕಟ್ಟಿದ್ದು ಅಲ್ಲಿ. 2025ರ ಜುಲೈನಲ್ಲಿ ಶ್ರೀಹರಿಕೋಟದಿಂದ ಮೇಲೇರಿದ ನಿಸಾರ್ ಉಪಗ್ರಹಕ್ಕಾಗಿ ನಮ್ಮ ಇಸ್ರೋದ ಜೊತೆ ದುಡಿದದ್ದೂ ಅದೇ ಪ್ರಯೋಗಾಲಯ. ಅದರ ಮಗ್ಗುಲಲ್ಲೇ 1975ರಲ್ಲಿ ಇನ್ನೊಂದು ಬಗೆಯ ಹಾರಾಟಕ್ಕೂ ಜಾಗ ದೊರೆಯಿತು. ಡಿಸ್ಕ್ ಗಾಲ್ಫ್ ಆಟದ ಮೊದಲ ಕಾಯಂ ಕೋರ್ಸ್ ಆರಂಭವಾದದ್ದು ಈ ತೋಪಿನಲ್ಲಿ.

ಆಟ ಸರಳ. ಗಾಲ್ಫಿನ ಚೆಂಡಿನ ಬದಲು ಪ್ಲಾಸ್ಟಿಕ್ ಬಿಲ್ಲೆ, ಕೋಲಿನ ಬದಲು ಬರಿಗೈ, ಕುಳಿಯ ಬದಲು ಕಂಬಕ್ಕೆ ತೂಗಿಬಿಟ್ಟ ಸರಪಳಿ ಮತ್ತು ಅದರ ಕೆಳಗೊಂದು ಬುಟ್ಟಿ. ಬಿಲ್ಲೆ ಬಿದ್ದಲ್ಲಿಂದಲೇ ಮುಂದಿನ ಎಸೆತ. ಎಲ್ಲ ಬುಟ್ಟಿಗಳನ್ನೂ ಅತಿ ಕಡಿಮೆ ಎಸೆತಗಳಲ್ಲಿ ಮುಗಿಸಿದವರು ಗೆದ್ದಂತೆ. ಫ್ರೆಡ್ ಮಾರಿಸನ್ ಎಂಬವರು ರೂಪಿಸಿದ ಹಾರುವ ತಟ್ಟೆಯನ್ನು ವ್ಯಾಮ್-ಓ ಕಂಪನಿ 1957ರಲ್ಲಿ ಮಾರುಕಟ್ಟೆಗೆ ತಂದು ಫ್ರಿಸ್ಬಿ ಎಂದು ಹೆಸರಿಟ್ಟಿತು. ಅದೇ ಕಂಪನಿಯಲ್ಲಿದ್ದ ಎಡ್ ಹೆಡ್ರಿಕ್ ಅವರೇ ಓಕ್ ಗ್ರೋವ್ ಕೋರ್ಸಿನ ರೂವಾರಿ. ಮೊದಲು ಅಲ್ಲಿ ಗುರಿಯಾಗಿ ನೆಟ್ಟಿದ್ದು ಬರೀ ಕಂಬಗಳನ್ನು. ಬಿಲ್ಲೆ ಕಂಬಕ್ಕೆ ತಾಗಿತೋ ಇಲ್ಲವೋ ಎಂಬ ಜಗಳ ತೀರಲು ಸರಪಳಿ-ಬುಟ್ಟಿ ಬರಬೇಕಾಯಿತು. ಅದಕ್ಕೆ ಹೆಡ್ರಿಕ್ 1977ರಲ್ಲಿ ಪೇಟೆಂಟ್ ಪಡೆದರು.

ಬಯಲಿನಲ್ಲಿ ಹರಡಿಕೊಂಡ ಉದ್ದನೆಯ ಕೋರ್ಸುಗಳಲ್ಲಿ ತೋಳಿಗೆ ಬೆಲೆ ಹೆಚ್ಚು. ಆದರೆ ಮರಗಳ ನಡುವಿನ ಗಿಡ್ಡ ಕೋರ್ಸಿನಲ್ಲಿ ಬುಟ್ಟಿ 60-70 ಮೀಟರ್ ದೂರದಲ್ಲೇ ಇರುತ್ತದೆ. ಹೈಸ್ಕೂಲಿನ ಹುಡುಗ ಹುಡುಗಿಯರೂ ಸ್ವಲ್ಪ ಅಭ್ಯಾಸದಿಂದ ಅಷ್ಟು ದೂರ ಎಸೆದಾರು. ಹಾಗಾದರೆ ಅದು ಸುಲಭವೇ? ಲೆಕ್ಕ ಹಾಕಿ ನೋಡೋಣ.

ಎಸೆಯುವ ಜಾಗದಿಂದ 20 ಮೀಟರ್ ಮುಂದೆ ಎರಡು ಮರಗಳಿವೆ, ನಡುವಿನ ಸಂದು 3 ಮೀಟರ್ ಎಂದಿಟ್ಟುಕೊಳ್ಳಿ. ಬಿಲ್ಲೆಯ ಅಗಲ ಸುಮಾರು 21 ಸೆಂಟಿಮೀಟರ್. ಅದು ಮರಕ್ಕೆ ತಾಗದೆ ಹೋಗಬೇಕಾದರೆ ಅದರ ನಡುಬಿಂದು ಸಂದಿನ ಮಧ್ಯರೇಖೆಯಿಂದ ಆಚೀಚೆ 1.4 ಮೀಟರ್ ಒಳಗೇ ಇರಬೇಕು. 1.4ನ್ನು 20ರಿಂದ ಭಾಗಿಸಿದರೆ 0.07; ಟ್ಯಾನ್ ಕೋಷ್ಟಕ ತೆರೆದರೆ ಅದು 4 ಡಿಗ್ರಿ. ಅದೇ ಸಂದು 40 ಮೀಟರ್ ದೂರದಲ್ಲಿದ್ದರೆ ಬರೀ 2 ಡಿಗ್ರಿ. ಗಡಿಯಾರದ ದೊಡ್ಡ ಮುಳ್ಳು ಒಂದು ನಿಮಿಷಕ್ಕೆ ಸರಿಯುವುದೇ 6 ಡಿಗ್ರಿ.

ಇನ್ನು ಕೈಯ ವಿಚಾರ. ಕೈ 1 ಮೀಟರ್ ತ್ರಿಜ್ಯದ ವೃತ್ತದಲ್ಲಿ ಬೀಸಿ, ಬಿಲ್ಲೆಯನ್ನು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ, ಎಂದರೆ ಗಂಟೆಗೆ 72 ಕಿಲೋಮೀಟರಿನಂತೆ ಬಿಡುತ್ತದೆ ಎಂದುಕೊಳ್ಳೋಣ. ಆಗ ಕೈ ಸೆಕೆಂಡಿಗೆ ಸುಮಾರು 1,150 ಡಿಗ್ರಿ ತಿರುಗುತ್ತಿರುತ್ತದೆ. ಎಡಕ್ಕೆ 4, ಬಲಕ್ಕೆ 4, ಒಟ್ಟು 8 ಡಿಗ್ರಿ ದಾಟಲು ಅದಕ್ಕೆ ಹಿಡಿಯುವ ಕಾಲ ಸೆಕೆಂಡಿನ 1,000 ಭಾಗಗಳಲ್ಲಿ 7! ಬೆರಳುಗಳು ಬಿಲ್ಲೆಯನ್ನು ಬಿಟ್ಟುಕೊಡಬೇಕಾದದ್ದು ಆ ಗಳಿಗೆಯಲ್ಲೇ. ವೇಗವನ್ನು ಅರ್ಧ ಮಾಡಿದರೆ ಈ ಅವಕಾಶ ಎರಡು ಪಟ್ಟು ಹಿಗ್ಗುತ್ತದೆ. ನುರಿತವರು ಇನ್ನೂ ಒಂದು ಉಪಾಯ ಮಾಡುತ್ತಾರೆ: ಬಿಲ್ಲೆಯನ್ನು ಎದೆಯ ಹತ್ತಿರದಿಂದ ಆದಷ್ಟು ನೇರ ಗೆರೆಯಲ್ಲಿ ಎಳೆದು ಬಿಡುತ್ತಾರೆ. ಅದರಿಂದಲೂ ಅವಕಾಶ ಹಿಗ್ಗುತ್ತದೆ.

ಸರಿಯಾಗಿ ಬಿಟ್ಟರೂ ಮುಗಿಯಲಿಲ್ಲ, ಏಕೆಂದರೆ ಬಿಲ್ಲೆ ನೇರವಾಗಿ ಹೋಗುವುದೇ ಇಲ್ಲ. ಇಲ್ಲಿ ಬುಗುರಿಯನ್ನು ನೆನಪಿಸಿಕೊಳ್ಳಬೇಕು. ಗಿರಗಿರನೆ ತಿರುಗುವ ಬುಗುರಿ ವಾಲಿದರೂ ಬೀಳುವುದಿಲ್ಲ. ಅದರ ತಲೆ ಮೆಲ್ಲಗೆ ಸುತ್ತು ಹಾಕುತ್ತದೆ. ಗುರುತ್ವ ಕೆಳಕ್ಕೆ ಎಳೆದರೆ ಬುಗುರಿ ಅಡ್ಡಕ್ಕೆ ಸರಿಯುತ್ತದೆ. ತಿರುಗುವ ಬಿಲ್ಲೆಯದೂ ಇದೇ ಹಟಮಾರಿತನ. ಮುಂದಿನ ಅಂಚನ್ನು ಎತ್ತಲು ಹೋದರೆ ಅದು ಪಕ್ಕಕ್ಕೆ ವಾಲುತ್ತದೆ.

ಎತ್ತುವವರು ಯಾರು? ಗಾಳಿ. ಹಾರುವ ಬಿಲ್ಲೆಯನ್ನು ಗಾಳಿ ಮೇಲಕ್ಕೊತ್ತುವ ಬಲ ಬಿಲ್ಲೆಯ ನಟ್ಟನಡುವೆ ಬೀಳುವುದಿಲ್ಲ. ವೇಗ ತಗ್ಗಿ ಬಿಲ್ಲೆ ಕೆಳಗಿಳಿಯತೊಡಗಿದಾಗ ಅದು ನಡುವಿಗಿಂತ ಮುಂದೆ ಬಿದ್ದು ಮುಂದಂಚನ್ನು ಎತ್ತಲು ನೋಡುತ್ತದೆ. ಬಲಗೈಯವರು ಎಡಪಕ್ಕದಿಂದ ಬೀಸಿ ಎಸೆದ ಬಿಲ್ಲೆ, ಮೇಲಿನಿಂದ ನೋಡಿದರೆ, ಗಡಿಯಾರದ ಮುಳ್ಳಿನಂತೆ ತಿರುಗುತ್ತಿರುತ್ತದೆ. ಹಾಗಾಗಿ ಅದರ ಎಡ ಅಂಚು ತಗ್ಗಿ, ಬಿಲ್ಲೆ ಎಡಕ್ಕೆ ಹೊರಳುತ್ತದೆ. ಅತಿ ವೇಗದಲ್ಲಿ ಇದರ ತಿರುಗುಮುರುಗು: ಬಲ ನಡುವಿಗಿಂತ ಹಿಂದೆ ಬಿದ್ದು, ಬಿಲ್ಲೆ ಬಲಕ್ಕೆ ಸರಿಯುತ್ತದೆ. ಎರಡೂ ಸೇರಿದರೆ ಹಾವಿನ ನಡೆಯಂಥ ದಾರಿ. ಎಡಗೈಯವರಿಗೆ ಎಲ್ಲವೂ ಕನ್ನಡಿಯ ಬಿಂಬ.

ಗಿಡ್ಡ ಕೋರ್ಸಿನ ಸ್ವಾರಸ್ಯವೆಲ್ಲ ಈ ಓರೆ ನಡಿಗೆಯಲ್ಲಿದೆ. ಬುಟ್ಟಿ ಮರದ ಹಿಂದೆ ಎಡಕ್ಕಿದ್ದರೆ ಬಿಲ್ಲೆಯ ಎಡ ಅಂಚನ್ನು ಮೊದಲೇ ತಗ್ಗಿಸಿ ಬಿಡಬೇಕು. ಅದು ಮರವನ್ನು ಬಳಸಿಕೊಂಡು ಹೋಗುತ್ತದೆ. ಬಲಕ್ಕಿದ್ದರೆ ಕೆಲವರು ಅಂಗೈ ಮುಂದೆ ಮಾಡಿ ಬಲಪಕ್ಕದಿಂದ ಎಸೆಯುತ್ತಾರೆ. ಆಗ ಬಿಲ್ಲೆ ತಿರುಗುವ ದಿಕ್ಕು ಬದಲಾಗಿ, ಕೊನೆಯ ಹೊರಳೂ ಬಲಕ್ಕೆ.

ಬಿಲ್ಲೆಗಳಲ್ಲೂ ಜಾತಿಗಳಿವೆ. ದೂರದ ಎಸೆತಕ್ಕೆಂದು ಚೂಪಾದ ಅಗಲ ಅಂಚಿನ ಡ್ರೈವರ್. ಹತ್ತಿರಕ್ಕೆ ಮೊಂಡು ಅಂಚಿನ ಪಟರ್. ಹೊಸಬರು ಸಾಮಾನ್ಯವಾಗಿ ಡ್ರೈವರನ್ನೇ ಕೈಗೆತ್ತಿಕೊಳ್ಳುತ್ತಾರೆ. ಅದು ತನಗೆ ಬೇಕಾದ ವೇಗ ಸಿಕ್ಕರೆ ಮಾತ್ರ ಮಾತು ಕೇಳುವ ಬಿಲ್ಲೆ. ಮೆಲ್ಲಗೆ ಎಸೆದರೆ ಆರಂಭದಲ್ಲೇ ಎಡಕ್ಕೆ ಹೊರಳಿ ಪೊದೆ ಸೇರುತ್ತದೆ. ತೋಪಿನಲ್ಲಿ ನಂಬಿಕಸ್ಥ ಗೆಳೆಯ ಪಟರೇ. ಎದುರುಗಾಳಿ ಇದ್ದರೆ ಮಾತ್ರ ಎಚ್ಚರ: ಆಗ ಬಿಲ್ಲೆಗೆ ಗಾಳಿಯ ವೇಗವೂ ಸೇರಿ, ತಾನು ಜೋರಾಗಿ ಹೋಗುತ್ತಿರುವಂತೆಯೇ ಅದು ವರ್ತಿಸುತ್ತದೆ.

ಈಗ ನಿಜವಾದ ಕಷ್ಟಕ್ಕೆ ಬರೋಣ. ಆಟಗಾರ್ತಿಯೊಬ್ಬಳ ಮುಂದೆ ಆ 3 ಮೀಟರಿನ ಸಂದಿದೆ. ಅದರಲ್ಲಿ ತೂರಿದರೆ 2 ಎಸೆತದಲ್ಲಿ ಮುಗಿಯುತ್ತದೆ. ಮರಕ್ಕೆ ಬಡಿದರೆ 4 ಬೇಕು. ಪಕ್ಕದ ಬಯಲಿಗೆ ಎಸೆದು ಸುತ್ತಿಕೊಂಡು ಬಂದರೆ ಖಂಡಿತವಾಗಿ 3. ಯಾವುದು ಮೇಲು? ಅಭ್ಯಾಸದಲ್ಲಿ 10ಕ್ಕೆ 4 ಸಲ ತೂರಿಸಬಲ್ಲವಳಾದರೆ ಸರಾಸರಿ 3.2, ಸುತ್ತುದಾರಿಯೇ ಲೇಸು. 10ಕ್ಕೆ 6 ಸಲ ತೂರಿಸಬಲ್ಲಳಾದರೆ 2.8; ಸಂದೇ ಲೇಸು. ಪಠ್ಯಪುಸ್ತಕದಲ್ಲಿ ದಾಳ ಉರುಳಿಸಿ ಕಲಿಯುವ ಸಂಭವನೀಯತೆ ಇಲ್ಲಿ ಓಕ್ ಮರವಾಗಿ ನಿಂತಿದೆ. ತನ್ನ ಎಸೆತಗಳನ್ನು ಬರೆದಿಟ್ಟುಕೊಳ್ಳದವಳಿಗೆ ಈ ಲೆಕ್ಕ ದಕ್ಕುವುದಿಲ್ಲ. ಹೆಚ್ಚಿನವರು ತಮ್ಮ 4ನ್ನು 6 ಎಂದೇ ನಂಬಿರುತ್ತಾರೆ! ಇನ್ನು ಕೊನೆಯ ಹೋಲಿನಲ್ಲಿ ಒಂದು ಎಸೆತ ಹಿಂದಿದ್ದರೆ ಸರಾಸರಿಗೆ ಅರ್ಥವೇ ಇಲ್ಲ. ಅಪಾಯದ ದಾರಿಯೇ ದಾರಿ.

2021ರಲ್ಲಿ ಯೂಟಾ ರಾಜ್ಯದ ಆಗ್ಡೆನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಆದದ್ದು ಇದೇ. ಅದುವರೆಗೆ 5 ಸಲ ವಿಶ್ವ ಚಾಂಪಿಯನ್ ಆಗಿದ್ದ ಪಾಲ್ ಮೆಕ್‌ಬೆತ್ ಒಂದು ಎಸೆತದಿಂದ ಮುಂದಿದ್ದರು. ಕೊನೆಯ ಹೋಲಿನಲ್ಲಿ ಜೇಮ್ಸ್ ಕಾನ್ರಾಡ್ ಅವರಿಗೆ ಬುಟ್ಟಿ ಇನ್ನೂ 75 ಮೀಟರ್ ದೂರ. ಅವರು ಆರಿಸಿಕೊಂಡದ್ದು ಒಂದು ಪಟರ್. ಬಿಲ್ಲೆ ತೇಲುತ್ತ ಹೋಗಿ ಸರಪಳಿಗೆ ಬಡಿದು ಬುಟ್ಟಿಯೊಳಗೆ ಕುಳಿತಿತು. ಪಂದ್ಯ ಸಮವಾಯಿತು, ಹೆಚ್ಚುವರಿ ಹೋಲಿನಲ್ಲಿ ಕಾನ್ರಾಡ್ ಗೆದ್ದರು. 2016ರಲ್ಲಿ ನೆವಾಡದ ಮರುಭೂಮಿಯಲ್ಲಿ ಡೇವಿಡ್ ವಿಗ್ಗಿನ್ಸ್ ಎಂಬವರು ಬಿಲ್ಲೆಯನ್ನು 338 ಮೀಟರ್ ಎಸೆದು ದಾಖಲೆ ಮಾಡಿದ್ದುಂಟು. ಆದರೂ ಈ ಆಟದವರು ಹೆಚ್ಚು ನೆನೆಯುವುದು ಆ 75 ಮೀಟರನ್ನೇ.

ಶಾಲೆಯ ಮೈದಾನದಲ್ಲಿ ಇದನ್ನು ಪರೀಕ್ಷಿಸಲು ಅಂಗಡಿಯ ಸಾಧಾರಣ ಫ್ರಿಸ್ಬಿ ಸಾಕು. 3 ಮೀಟರ್ ಅಂತರದಲ್ಲಿ ಎರಡು ಗೂಟ ನೆಟ್ಟು, 20 ಮೀಟರ್ ದೂರದಿಂದ ಶಕ್ತಿಯನ್ನೆಲ್ಲ ಹಾಕಿ 10 ಸಲ, ಅರ್ಧ ಶಕ್ತಿಯಿಂದ 10 ಸಲ ಎಸೆಯಿರಿ. ಎಷ್ಟು ಒಳಗೆ ಹೋದವು, ಹೊರಹೋದವು ಯಾವ ಕಡೆಗೆ ಎಂಬುದನ್ನು ಇನ್ನೊಬ್ಬರು ಬರೆದುಕೊಳ್ಳಲಿ. ಗೂಟಗಳ ಹಿಂದೆ ಯಾರೂ ನಿಲ್ಲಬಾರದು. ಬರೆದುಕೊಳ್ಳುವವರ ಜಾಗ ಎಸೆಯುವವರ ಹಿಂದೆ.