ಅಟ್ಲಾಂಟಾದ ಆಟಗಾರ ಮತ್ತು ಆರನೆಯ ವರ್ಷ

ಒಂದು ತಂಡವು ಹದಿನೇಳು ವಯಸ್ಸಿನ ಹುಡುಗನನ್ನು ಆರಿಸಿ ತಂದು, ತಿದ್ದಿ, ಬೆಳೆಸಿ, ಅವನಿಂದ ಕೀರ್ತಿಯನ್ನೂ ಹಣವನ್ನೂ ಪಡೆದ ಮೇಲೆ, ಅವನ ಕರಾರು ಮುಗಿದು ಅವನು ಸ್ವತಂತ್ರನಾದಾಗ ಏನು ಮಾಡಬೇಕು? ಕೇಳಿದ ಸಂಬಳ ಕೊಟ್ಟು ಉಳಿಸಿಕೊಳ್ಳಬೇಕೆ, ಅಥವಾ ವಯಸ್ಸಾಯಿತು ಎಂದು ಕೈ ಬಿಡಬೇಕೆ? ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಈ ಪ್ರಶ್ನೆ ಪ್ರತಿ ಚಳಿಗಾಲದಲ್ಲಿಯೂ ಏಳುತ್ತದೆ. ಅಲ್ಲಿನ ಧಣಿಗಳ ಪತ್ರಿಕೆಗಳು ಇದನ್ನು ಕೇವಲ ಲೆಕ್ಕಪತ್ರದ ಪ್ರಶ್ನೆಯೆಂದು ಚರ್ಚಿಸುತ್ತವೆ. ಇದು ದುಡಿಮೆಯ ಪ್ರಶ್ನೆ ಎಂಬುದು ನಮ್ಮ ಅಭಿಪ್ರಾಯ.

ಫ್ರೆಡ್ಡಿ ಫ್ರೀಮನ್ ಎಂಬಾತನ ಸಂಗತಿಯನ್ನು ತೆಗೆದುಕೊಳ್ಳೋಣ. ಕ್ಯಾಲಿಫೋರ್ನಿಯಾದ ಈ ಹುಡುಗನನ್ನು 2007ರಲ್ಲಿ ಅಟ್ಲಾಂಟಾ ಬ್ರೇವ್ಸ್ ತಂಡದವರು ಆರಿಸಿಕೊಂಡರು. 2010ರಲ್ಲಿ ಮೇಲಿನ ಲೀಗಿಗೆ ಬಂದ. 2014ರಲ್ಲಿ 8 ವರ್ಷಕ್ಕೆ 13 ಕೋಟಿ 50 ಲಕ್ಷ ಡಾಲರಿನ ಕರಾರಾಯಿತು. ತಂಡ ಸೋಲುತ್ತಿದ್ದ ವರ್ಷಗಳಲ್ಲಿಯೂ ಅಲ್ಲಿಯೇ ನಿಂತ. 2020ರಲ್ಲಿ ನ್ಯಾಷನಲ್ ಲೀಗಿನ ಅತ್ಯುತ್ತಮ ಆಟಗಾರನೆನಿಸಿದ. 2021ರ ನವೆಂಬರ್ 2ರಂದು ಅಟ್ಲಾಂಟಾ ತಂಡವು ಹ್ಯೂಸ್ಟನ್ ತಂಡವನ್ನು ಸೋಲಿಸಿ ವರ್ಲ್ಡ್ ಸೀರೀಸ್ ಗೆದ್ದಿತು. ಆ ಸಂತೋಷದ ಬೆನ್ನಿಗೇ ಕರಾರು ಮುಗಿಯಿತು. ಡಿಸೆಂಬರ್ 2ರಂದು ಧಣಿಗಳೆಲ್ಲ ಸೇರಿ ಇಡೀ ಆಟಕ್ಕೆ ಬೀಗಮುದ್ರೆ ಹಾಕಿದರು. 99 ದಿನ ಯಾವ ಆಟಗಾರನ ಸಂಗಡವೂ ಮಾತುಕತೆಯಿಲ್ಲ. ಮಾರ್ಚ್ 10ರಂದು ಬೀಗ ತೆಗೆದರು. ಮಾರ್ಚ್ 14ರಂದು ಅಟ್ಲಾಂಟಾದವರು ನಾಲ್ವರು ಎಳೆಯ ಆಟಗಾರರನ್ನು ಓಕ್ಲಂಡ್ ತಂಡಕ್ಕೆ ಕೊಟ್ಟು ಮ್ಯಾಟ್ ಓಲ್ಸನ್ ಎಂಬ ಮತ್ತೊಬ್ಬನನ್ನು ತಂದು ಫ್ರೀಮನ್ ನಿಲ್ಲುತ್ತಿದ್ದ ಜಾಗದಲ್ಲಿ ನಿಲ್ಲಿಸಿದರು. ಫ್ರೀಮನ್ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡಕ್ಕೆ 6 ವರ್ಷಕ್ಕೆ 16 ಕೋಟಿ 20 ಲಕ್ಷ ಡಾಲರಿಗೆ ಸಹಿ ಹಾಕಿದ. ಅದರಲ್ಲಿಯೂ ಒಂದು ಭಾಗ ಅನಂತರ ಕೈಗೆ ಬರತಕ್ಕ ಹಣ.

ವರದಿಗಳ ಪ್ರಕಾರ ಅಟ್ಲಾಂಟಾದವರು 5 ವರ್ಷಕ್ಕೆ 14 ಕೋಟಿ ಕೊಡಲು ಮುಂದಾಗಿದ್ದರು. ಆತ ಕೇಳಿದ್ದು ಆರನೆಯ ವರ್ಷವನ್ನೂ. ಹದಿನಾಲ್ಕು ವರ್ಷದ ಸಂಬಂಧ ಮುರಿದದ್ದು ಒಂದು ವರ್ಷದ ಮೇಲೆ.

ಕೋಟಿಗಟ್ಟಲೆ ಡಾಲರ್ ಎಣಿಸುವವನ ಗೋಳು ನಮಗೇಕೆ, ಮಗ್ಗದ ಮುಂದೆ ಎಂಟು ತಾಸು ನಿಲ್ಲುವವನಿಗೂ ಅವನಿಗೂ ಏನು ನಂಟು, ಎಂದು ನಮ್ಮ ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಫ್ರೀಮನ್ ಬಡವನಲ್ಲ, ಅವನಿಗಾಗಿ ನಾವು ಕಣ್ಣೀರು ಹಾಕುತ್ತಲೂ ಇಲ್ಲ. ಆದರೆ ಆತ ಬಿಟ್ಟುಕೊಟ್ಟ ಡಾಲರು ಪ್ರೇಕ್ಷಕನ ಜೇಬಿಗೆ ಬರುವುದಿಲ್ಲ, ಟಿಕೀಟಿನ ದರ ಇಳಿಯುವುದಿಲ್ಲ, ಮೈದಾನದಲ್ಲಿ ಕಡಲೆಕಾಯಿ ಮಾರುವವನ ಕೂಲಿ ಏರುವುದಿಲ್ಲ. ಅದು ನೇರವಾಗಿ ಧಣಿಯ ತಿಜೋರಿಗೆ ಹೋಗುತ್ತದೆ. ಆಟವನ್ನು ನೋಡಲು ಜನ ಬರುವುದು ಧಣಿಯ ಮುಖ ನೋಡಲಿಕ್ಕಲ್ಲ. ದುಡಿಮೆಯಿಂದ ಹುಟ್ಟಿದ ಹಣದಲ್ಲಿ ದುಡಿದವನ ಪಾಲೆಷ್ಟು ಎಂಬ ಪ್ರಶ್ನೆಯು ಮೊತ್ತ ದೊಡ್ಡದಾದ ಮಾತ್ರಕ್ಕೆ ಬೇರೆಯಾಗಿಬಿಡುವುದಿಲ್ಲ.

ಆಟಗಾರನು ಸ್ವತಂತ್ರನಾಗುವುದೆಂದರೆ ಏನೆಂಬುದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1879ರಿಂದ ಆ ಆಟದಲ್ಲಿ ಒಂದು ಕಟ್ಟು ಬೆಳೆದು ಬಂದಿತ್ತು: ಕರಾರು ಮುಗಿದರೂ ಆಟಗಾರನು ಅದೇ ತಂಡದ ಸ್ವತ್ತು. ಬೇರೆ ತಂಡದವರು ಅವನನ್ನು ಮಾತನಾಡಿಸಕೂಡದು. ತಂಡದವರು ಬೇಕಾದಾಗ ಅವನನ್ನು ಮಾರಬಹುದು. 1922ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಬೇಸ್‌ಬಾಲ್ ರಾಜ್ಯ ರಾಜ್ಯಗಳ ನಡುವಣ ವ್ಯಾಪಾರವಲ್ಲವೆಂದೂ ಏಕಸ್ವಾಮ್ಯ ವಿರೋಧಿ ಕಾನೂನು ಅದಕ್ಕೆ ತಗಲುವುದಿಲ್ಲವೆಂದೂ ತೀರ್ಪಿತ್ತಿತು. ರೈಲು ಹತ್ತಿ ಊರೂರು ತಿರುಗಿ ಟಿಕೀಟು ಮಾರುವುದು ವ್ಯಾಪಾರವಲ್ಲವಂತೆ! ನಮ್ಮ ಸಂತೆ ವ್ಯಾಪಾರಿಗಳಿಗೆ ಈ ಸೌಲಭ್ಯ ಸಿಕ್ಕಿದ್ದರೆ ಸೇಲ್ಸ್ ಟ್ಯಾಕ್ಸಿನವರ ಕಾಟವಾದರೂ ತಪ್ಪುತ್ತಿತ್ತು.

ಈ ಕಟ್ಟನ್ನು ಕೋರ್ಟಿಗೆಳೆದವನು ಕರ್ಟ್ ಫ್ಲಡ್ ಎಂಬ ನೀಗ್ರೋ ಆಟಗಾರ. ಸೇಂಟ್ ಲೂಯಿಸ್ ತಂಡದಲ್ಲಿ 12 ವರ್ಷ ಆಡಿದ ಮೇಲೆ 1969ರಲ್ಲಿ ಅವನನ್ನು ಕೇಳದೆಯೇ ಫಿಲಡೆಲ್ಫಿಯಾಕ್ಕೆ ಸಾಗಿಸಿದರು. ತಾನು ಕೊಂಡು ಮಾರುವ ಸಾಮಾನಲ್ಲವೆಂದು ಆತ ಕಮಿಷನರಿಗೆ ಬರೆದ. ವರ್ಷಕ್ಕೆ 90,000 ಡಾಲರಿನ ಕೆಲಸ ಬಿಟ್ಟು ಇಡೀ 1970ನೆಯ ಇಸವಿ ಆಡದೆ ಕುಳಿತ. 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ 5ಕ್ಕೆ 3 ಮತಗಳಿಂದ ಸೋತ. ಆತನ ಆಟ ಅಷ್ಟರಲ್ಲಿಯೇ ಮುಗಿದಿತ್ತು. ಆದರೆ ಆಟಗಾರರ ಸಂಘ ಎಚ್ಚರಗೊಂಡಿತು. ಅದರ ಮುಖ್ಯಸ್ಥ ಮಾರ್ವಿನ್ ಮಿಲ್ಲರ್ 1966ರಲ್ಲಿ ಅಲ್ಲಿಗೆ ಬರುವ ಮೊದಲು ಉಕ್ಕಿನ ಕಾರ್ಮಿಕರ ಸಂಘದಲ್ಲಿ ಅರ್ಥಶಾಸ್ತ್ರಜ್ಞನಾಗಿದ್ದವನು. ಉಕ್ಕಿನ ಕಾರ್ಖಾನೆಯಲ್ಲಿ ಕಲಿತದ್ದನ್ನು ಆಟದ ಮೈದಾನಕ್ಕೆ ತಂದ. 1975ರ ಡಿಸೆಂಬರಿನಲ್ಲಿ ಮೆಸ್ಸರ್‌ಸ್ಮಿತ್ ಮತ್ತು ಮೆಕ್‌ನಾಲಿ ಎಂಬ ಇಬ್ಬರ ಮೊಕದ್ದಮೆಯಲ್ಲಿ ಪಂಚಾಯಿತದಾರ ಪೀಟರ್ ಸೈಟ್ಸ್ ಆಟಗಾರರ ಪರ ತೀರ್ಪು ಕೊಟ್ಟ. ಧಣಿಗಳು ಆ ಕೂಡಲೇ ಅವನನ್ನು ಕೆಲಸದಿಂದ ತೆಗೆದರು.

ಸ್ವಾರಸ್ಯವೆಂದರೆ, ಹಾಗೆ ಬಿಡುಗಡೆಯಾದ ಮೆಸ್ಸರ್‌ಸ್ಮಿತ್ 1976ರಲ್ಲಿ ಸೇರಿದ್ದು ಇದೇ ಅಟ್ಲಾಂಟಾ ತಂಡವನ್ನು. ಆಗಿನ ಧಣಿ ಟೆಡ್ ಟರ್ನರನು ಆತನಿಗೆ 17ನೆಯ ನಂಬರಿನ ಅಂಗಿ ತೊಡಿಸಿ, ಬೆನ್ನ ಮೇಲೆ ಹೆಸರಿನ ಬದಲು ‘ಚಾನೆಲ್’ ಎಂದು ಬರೆಸಿದ; 17 ಟರ್ನರನ ಸ್ವಂತ ಟೆಲಿವಿಷನ್ ಕೇಂದ್ರದ ನಂಬರು! ಸ್ವತಂತ್ರ ಮನುಷ್ಯನ ಬೆನ್ನು ಧಣಿಯ ಜಾಹೀರಾತಿನ ಹಲಗೆಯಾಯಿತು.

1976ರ ಒಪ್ಪಂದದಲ್ಲಿ, ಆರು ವರ್ಷ ಸರ್ವಿಸ್ ಆದವನು ಸ್ವತಂತ್ರ ಎಂದು ತೀರ್ಮಾನವಾಯಿತು. ಈ ಆರು ವರ್ಷದ ಗಡಿಗೆ ಮಿಲ್ಲರನೂ ಮನಸಾರೆ ಒಪ್ಪಿದ. ಪ್ರತಿ ವರ್ಷವೂ ಎಲ್ಲರೂ ಸ್ವತಂತ್ರರಾದರೆ ಪೇಟೆಯಲ್ಲಿ ಆಟಗಾರರು ರಾಶಿ ಬಿದ್ದು ಬೆಲೆ ಕುಸಿಯುವುದೆಂಬುದು ಆತನ ಲೆಕ್ಕ. ಸುಗ್ಗಿಯಲ್ಲಿ ಎಲ್ಲರೂ ಒಂದೇ ದಿನ ಜೋಳ ತಂದರೆ ಏನಾಗುತ್ತದೆಂಬುದು ನಮ್ಮ ಮಂಡಿಯವರಿಗೆ ಗೊತ್ತು. ಧಣಿಗಳಲ್ಲಿ ಓಕ್ಲಂಡಿನ ಚಾರ್ಲಿ ಫಿನ್ಲಿ ಒಬ್ಬನಿಗೆ ಇದು ಹೊಳೆದಿತ್ತು. ಉಳಿದವರು ಅವನ ಮಾತು ಕೇಳಲಿಲ್ಲ. ಅನಂತರ 1985ರಿಂದ 1987ರವರೆಗೆ ಒಬ್ಬರ ಆಟಗಾರನನ್ನು ಇನ್ನೊಬ್ಬರು ಕೇಳುವುದಿಲ್ಲವೆಂದು ಒಳಗೊಳಗೇ ಕೂಡಿಕೊಂಡು, ಸಿಕ್ಕಿಬಿದ್ದು, 28 ಕೋಟಿ ಡಾಲರ್ ದಂಡ ತೆತ್ತದ್ದೂ ಇವರೇ. (ನಮ್ಮ ಐ.ಪಿ.ಎಲ್. ಹರಾಜಿನಲ್ಲಿ ಕೂಗಿಗೆ ನಿಂತವನು ಯಾವ ಊರಿಗೆ ಹೋಗಬೇಕೆಂದು ತಾನು ಹೇಳುವಂತಿಲ್ಲ. ಅವನ ಪರವಾಗಿ ಸಂಬಳದ ಮಾತಾಡುವ ಸಂಘವೂ ಇಲ್ಲ. ಅದನ್ನು ಇನ್ನೊಮ್ಮೆ ಬರೆಯುತ್ತೇವೆ.)

ಧಣಿಗಳ ಪಕ್ಷದ ವಾದವನ್ನೂ ನೋಡಬೇಕು. ಅದು ಪೂರ್ತಿ ಪೊಳ್ಳಲ್ಲ. ಆಲ್ಬರ್ಟ್ ಪುಹೋಲ್ಸ್ ಸೇಂಟ್ ಲೂಯಿಸ್ ತಂಡವೇ ಬೆಳೆಸಿದ ಆಟಗಾರ. 11 ವರ್ಷದಲ್ಲಿ 445 ಹೋಂ ರನ್ ಹೊಡೆದ, ಮೂರು ಸಲ ಲೀಗಿನ ಅತ್ಯುತ್ತಮ ಆಟಗಾರನಾದ. 2011ರಲ್ಲಿ ವರ್ಲ್ಡ್ ಸೀರೀಸ್ ಗೆದ್ದ ಮೇಲೆ 10 ವರ್ಷಕ್ಕೆ 24 ಕೋಟಿ ಡಾಲರಿಗೆ ಏಂಜಲ್ಸ್ ತಂಡಕ್ಕೆ ಹೋದ. ಅಲ್ಲಿ ಒಮ್ಮೆಯೂ ಆ ಪ್ರಶಸ್ತಿ ಬರಲಿಲ್ಲ. ಕಾಲು ನೋವು, ವಯಸ್ಸು. ಕರಾರು ಮುಗಿಯುವ ಮೊದಲೇ 2021ರಲ್ಲಿ ಆತನನ್ನು ಕಳುಹಿಸಿಬಿಟ್ಟರು. ಸೇಂಟ್ ಲೂಯಿಸಿನವರಾದರೋ, ಆತ ಹೋದದ್ದಕ್ಕೆ ಪರಿಹಾರವಾಗಿ ದೊರೆತ ಸರದಿಯಲ್ಲಿ ಮೈಕೇಲ್ ವಾಕಾ ಎಂಬ ಹುಡುಗನನ್ನು ಆರಿಸಿ, 2013ರಲ್ಲಿ ಮತ್ತೆ ವರ್ಲ್ಡ್ ಸೀರೀಸಿಗೆ ಬಂದರು. ಮೂವತ್ತೆರಡು ದಾಟಿದವನಿಗೆ ದೊಡ್ಡ ಕರಾರು ಕೊಡಬಾರದೆನ್ನುವವರು ಈ ಕಥೆಯನ್ನು ಮಂತ್ರದಂತೆ ಹೇಳುತ್ತಾರೆ.

ಆದರೆ ಈ ಮಂತ್ರ ಹೇಳುವ ಮಹನೀಯರು ಇನ್ನೊಂದು ಪುಟವನ್ನು ತೆರೆಯುವುದಿಲ್ಲ. ನ್ಯೂಯಾರ್ಕಿನ ಆರನ್ ಜಡ್ಜ್ 2017ರಲ್ಲಿ ತನ್ನ ಮೊದಲ ಪೂರ್ಣ ವರ್ಷದಲ್ಲಿಯೇ 52 ಹೋಂ ರನ್ ಹೊಡೆದ. ಹೊಸಬರಲ್ಲಿ ಅಂದಿನವರೆಗೆ ಯಾರೂ ಹೊಡೆಯದಷ್ಟು. ಆ ವರ್ಷದ ಲೀಗಿನ ಕನಿಷ್ಠ ವೇತನ 5,35,000 ಡಾಲರ್. ಆತನಿಗೆ ಸಿಕ್ಕಿದ್ದು ಅದಕ್ಕಿಂತ ತುಸುವೇ ಹೆಚ್ಚು. ಆಗ ಯಾವ ಧಣಿಯೂ ಬಂದು, ‘ನಿನ್ನ ದುಡಿಮೆಗೆ ಇದು ಕಡಿಮೆಯಾಯಿತು, ತೆಗೆದುಕೋ’ ಎನ್ನಲಿಲ್ಲ. ಸಮರ್ಥ ಪ್ರಾಯದ ಆರು ವರ್ಷವನ್ನು ಅಗ್ಗಕ್ಕೆ ಹಿಡಿದು, ಅದು ಮುಗಿದ ಮೇಲೆ ‘ಇನ್ನು ನಿನಗೆ ವಯಸ್ಸಾಯಿತು’ ಎನ್ನುವುದು ಈ ವ್ಯವಸ್ಥೆಯ ಗುಟ್ಟು. ಆದುದರಿಂದ ಮೂವತ್ತರ ಮೇಲೆ ಕೊಡುವ ಸಂಬಳವನ್ನು ಬರಲಿರುವ ಆಟದ ಬೆಲೆಯೆಂದು ಮಾತ್ರ ತೂಗುವುದು ಮೋಸದ ತಕ್ಕಡಿ. ಅದರಲ್ಲಿ ಹಿಂದಿನ ಬಾಕಿಯೂ ಸೇರಿದೆ. ಇಪ್ಪತ್ತೈದು ವರ್ಷ ಮಿಲ್ಲಿನಲ್ಲಿ ದುಡಿದವನಿಗೆ ಗ್ರಾಚುಯಿಟಿ ಕೊಡುವಾಗ, ‘ನಾಳೆಯಿಂದ ನೀನು ಎಷ್ಟು ನೂಲು ತೆಗೆಯುತ್ತೀ?’ ಎಂದು ಮ್ಯಾನೇಜರು ಕೇಳಿದರೆ ಹೇಗಿರುತ್ತದೆ?

ಜಡ್ಜನಿಗೆ 2022ರ ಆಟ ಆರಂಭವಾಗುವ ಮುನ್ನ 7 ವರ್ಷಕ್ಕೆ 21 ಕೋಟಿ 35 ಲಕ್ಷ ಕೊಡುತ್ತೇವೆಂದರು, ಆತ ಒಲ್ಲೆನೆಂದ. ಆ ವರ್ಷ 62 ಹೋಂ ರನ್ ಹೊಡೆದು 1961ರಿಂದ ಇದ್ದ ಅಮೆರಿಕನ್ ಲೀಗಿನ ದಾಖಲೆ ಮುರಿದ. ಡಿಸೆಂಬರಿನಲ್ಲಿ ಅದೇ ತಂಡದವರು 9 ವರ್ಷಕ್ಕೆ 36 ಕೋಟಿ ಬರೆದುಕೊಟ್ಟು ನಾಯಕನನ್ನಾಗಿ ಮಾಡಿದರು. 2024ರಲ್ಲಿ, 2025ರಲ್ಲಿ ಮತ್ತೆ ಲೀಗಿನ ಅತ್ಯುತ್ತಮ ಆಟಗಾರನಾದ. ಮುದುಕನಾದಾಗ ಏನಾದೀತೋ; ಈವರೆಗೆ ಆ ತಂಡ ನಷ್ಟಪಟ್ಟಿಲ್ಲ.

ಇವರ ಕೆಳಗೆ ಇನ್ನೊಂದು ಲೋಕವಿದೆ, ಮೈನರ್ ಲೀಗಿನ ಹುಡುಗರದು. ನಮ್ಮ ಮಿಲ್ಲುಗಳ ಬದಲಿ ಕಾರ್ಮಿಕರಂತೆ ಇವರೂ ಕರೆ ಬಂದರೆ ಉಂಟು, ಇಲ್ಲವಾದರೆ ಇಲ್ಲ. ಮೈನರ್ ಲೀಗಿನ ಕೆಳ ಮೆಟ್ಟಿಲಿನ ‘ಎ’ ದರ್ಜೆಯವನಿಗೆ ವರ್ಷಕ್ಕೆ 11,000 ಡಾಲರ್ ಕೊಡುತ್ತಿದ್ದರು. 2022ರಲ್ಲಿ ಇವರು ಸಂಘಕ್ಕೆ ಸೇರಿದರು. 2023ರ ಒಪ್ಪಂದದಲ್ಲಿ ಅದು 26,200ಕ್ಕೆ ಏರಿತು. ಫ್ರೀಮನ್‌ನಂಥವರ ಕೋಟಿಗಳನ್ನು ಕಂಡು ಹೊಟ್ಟೆ ಉರಿಸಿಕೊಳ್ಳುವವರು ಈ ಹನ್ನೊಂದು ಸಾವಿರವನ್ನೂ ಕಾಣಬೇಕಿತ್ತು. ತಂಡ ಬೆಳೆಸಿತು ಬೆಳೆಸಿತು ಎನ್ನುತ್ತಾರಲ್ಲ, ಬೆಳೆಸಿದ ಖರ್ಚು ಇಷ್ಟು.

ಅಟ್ಲಾಂಟಾಕ್ಕೆ ಹಿಂದಿರುಗೋಣ. ಅಲ್ಲಿನ ತಂಡಕ್ಕೆ ಹಣವಿರಲಿಲ್ಲವೆನ್ನುವಂತಿಲ್ಲ. 2017ರಲ್ಲಿ ಅವರು ನಗರವನ್ನು ಬಿಟ್ಟು ಪಕ್ಕದ ಕಾಬ್ ಕೌಂಟಿಯ ಹೊಸ ಮೈದಾನಕ್ಕೆ ಹೋದರು. ಅದಕ್ಕೆ ಕೌಂಟಿಯ ಬೊಕ್ಕಸದಿಂದ ಸುಮಾರು 30 ಕೋಟಿ ಡಾಲರಿನ ಹೊರೆ, ಜನಮತ ಕೇಳಲಿಲ್ಲ. ಆ ವ್ಯವಹಾರ ಕುದುರಿಸಿದ ಕೌಂಟಿ ಅಧ್ಯಕ್ಷನನ್ನು ಜನ 2016ರ ಚುನಾವಣೆಯಲ್ಲಿ ಮನೆಗೆ ಕಳುಹಿಸಿದರು, ಆದರೆ ಸಾಲ ಉಳಿಯಿತು. ಮೈದಾನದ ಸುತ್ತ ಅಂಗಡಿ, ಹೋಟೆಲು, ಕಚೇರಿಗಳ ಬಾಡಿಗೆಯೂ ತಂಡದ ಕಂಪನಿಗೇ. ಆಗ ಧಣಿ ಯಾರು? ಕೊಲರಾಡೋದಲ್ಲಿ ಕಚೇರಿಯಿದ್ದ ಲಿಬರ್ಟಿ ಮೀಡಿಯಾ ಎಂಬ ಕಂಪನಿ. 2023ರಿಂದ ತಂಡವೇ ಒಂದು ಪ್ರತ್ಯೇಕ ಕಂಪನಿಯಾಗಿ ಅದರ ಷೇರು ಪೇಟೆಯಲ್ಲಿ ಮಾರಾಟವಾಗುತ್ತದೆ. ಓಲ್ಸನ್‌ನನ್ನು ತಂದ ದಿನ ತಂಡದ ವ್ಯವಸ್ಥಾಪಕ ಅಲೆಕ್ಸ್ ಆಂಥೋಪೌಲಸ್ ಪತ್ರಕರ್ತರ ಮುಂದೆ ಕಣ್ಣೊರೆಸಿಕೊಂಡ. ಜೂನ್ ತಿಂಗಳಲ್ಲಿ ಎದುರು ತಂಡದವನಾಗಿ ಅಟ್ಲಾಂಟಾಕ್ಕೆ ಬಂದ ಫ್ರೀಮನ್‌ನೂ ಅತ್ತ. ಆ ಅಳುವನ್ನು ನಾವು ಹುಸಿಯೆನ್ನುವುದಿಲ್ಲ. ಷೇರಿಗೆ ಮಾತ್ರ ಕಣ್ಣಿಲ್ಲವಾದ್ದರಿಂದ ಅದು ಅಳಲಿಲ್ಲ.

ಓಲ್ಸನ್ ಕೆಟ್ಟ ಆಟಗಾರನೆಂದಲ್ಲ. ಆತ ಅಟ್ಲಾಂಟಾದ ಸುತ್ತಿನಲ್ಲಿಯೇ ಬೆಳೆದ ಹುಡುಗ, ಫ್ರೀಮನ್‌ಗಿಂತ ನಾಲ್ಕು ವರ್ಷ ಚಿಕ್ಕವನು, 8 ವರ್ಷಕ್ಕೆ 16 ಕೋಟಿ 80 ಲಕ್ಷಕ್ಕೆ ಒಪ್ಪಿದ. 2023ರಲ್ಲಿ 54 ಹೋಂ ರನ್ ಹೊಡೆದು ತಂಡದ ದಾಖಲೆ ಮಾಡಿದ. ಲೆಕ್ಕದ ಪುಸ್ತಕ ಹಿಡಿದವರು ಇಲ್ಲಿ ಗೆದ್ದೆವೆನ್ನುತ್ತಾರೆ. ಇರಬಹುದು. ಆದರೆ ಅಟ್ಲಾಂಟಾ ತಂಡವು 2022ರಲ್ಲಿ 101, 2023ರಲ್ಲಿ 104 ಪಂದ್ಯ ಗೆದ್ದೂ ಎರಡು ಸಲವೂ ಫಿಲಡೆಲ್ಫಿಯಾದ ಮುಂದೆ ಬಿದ್ದಿತು. ಲಾಸ್ ಏಂಜಲೀಸ್ 2024ರಲ್ಲಿಯೂ 2025ರಲ್ಲಿಯೂ ವರ್ಲ್ಡ್ ಸೀರೀಸ್ ಗೆದ್ದಿತು. 2024ರ ಆ ಸರಣಿಯ ಶ್ರೇಷ್ಠ ಆಟಗಾರ ಫ್ರೀಮನ್, ಕುಂಟುವ ಕಾಲಿನಲ್ಲಿ.

ಇದಕ್ಕಿಂತ ಮುಖ್ಯವಾಗಿ, ಓಲ್ಸನ್ ಎಲ್ಲಿಂದ ಬಂದ? 2012ರಲ್ಲಿ ಆತನನ್ನು ಆರಿಸಿ ಬೆಳೆಸಿದ್ದು ಓಕ್ಲಂಡ್. ಬಂದರು ಕಾರ್ಮಿಕರ ಊರು. ಅಟ್ಲಾಂಟಾಕ್ಕೆ ಅಗ್ಗವಾಗಿ ದೊರೆತದ್ದು ಓಕ್ಲಂಡ್ ಕಳೆದುಕೊಂಡದ್ದು. ಸೆಮಿಯನ್ ಹೋದ, ಓಲ್ಸನ್ ಹೋದ, ಎರಡು ದಿನದ ಮೇಲೆ ಮ್ಯಾಟ್ ಚ್ಯಾಪ್‌ಮನ್ ಹೋದ. ಹುಡುಗರು ಪ್ರಾಯಕ್ಕೆ ಬಂದೊಡನೆ ಅಲ್ಲಿನ ಧಣಿ ಅವರನ್ನು ದಾಟಿಸಿದ. ತಮ್ಮವರೆಂದು ಹೆಸರು ಹಿಡಿದು ಕೂಗಲು ಒಬ್ಬನೂ ಉಳಿಯದ ಮೇಲೆ ಜನ ಬರುವುದು ಕಡಿಮೆಯಾಯಿತು. ಜನ ಬರುವುದಿಲ್ಲ ಎಂಬ ನೆವವಿಟ್ಟು ಧಣಿ ತಂಡವನ್ನೇ ಎಬ್ಬಿಸಿದ. 1968ರಿಂದ ಅಲ್ಲಿದ್ದ ತಂಡ 2024ರ ಸೆಪ್ಟೆಂಬರ್ 26ರಂದು ಊರಿನ ಕೊನೆಯ ಪಂದ್ಯ ಆಡಿತು. ಲಾಸ್ ವೇಗಸ್‌ನಲ್ಲಿ ಹೊಸ ಮೈದಾನಕ್ಕೆಂದು ನೆವಾಡಾ ಸರ್ಕಾರ 2023ರಲ್ಲಿಯೇ 38 ಕೋಟಿ ಡಾಲರಿನವರೆಗೆ ಸಾರ್ವಜನಿಕ ಹಣ ಮಂಜೂರು ಮಾಡಿತ್ತು. ಗಿರಾಕಿಗೆ ಬೇಕಾದ ಸಾಮಾನನ್ನು ಒಂದೊಂದಾಗಿ ತೆಗೆದುಹಾಕಿ, ಆಮೇಲೆ ಗಿರಾಕಿ ಬರಲಿಲ್ಲವೆಂದು ಅಂಗಡಿ ಮುಚ್ಚುವುದು ಎಂಥ ವ್ಯಾಪಾರವೆಂಬುದನ್ನು ನಮ್ಮ ಪೇಟೆಯ ಓದುಗರು ಹೇಳಲಿ.

ಆದ್ದರಿಂದ ಅಟ್ಲಾಂಟಾದವರು ಆರನೆಯ ವರ್ಷವನ್ನು ಕೊಟ್ಟು ಫ್ರೀಮನ್‌ನನ್ನು ಉಳಿಸಿಕೊಳ್ಳಬೇಕಾಗಿತ್ತೆಂದು ನಾವು ಹೇಳುತ್ತೇವೆ. ಪ್ರತಿಯೊಬ್ಬ ಆಟಗಾರನಿಗೂ ಕೇಳಿದಷ್ಟು ಕೊಡಬೇಕೆಂದು ಇದರ ಅರ್ಥವಲ್ಲ. ಪುಹೋಲ್ಸನಿಗೆ ಹತ್ತು ವರ್ಷ ಕೊಡದಿದ್ದ ಸೇಂಟ್ ಲೂಯಿಸಿನವರನ್ನು ನಾವು ದೂರುವುದಿಲ್ಲ. ಆದರೆ ಜನರ ತೆರಿಗೆಯಿಂದ ಮೈದಾನ ಕಟ್ಟಿಸಿಕೊಂಡವರಿಗೆ ಜನರ ಆಟಗಾರನನ್ನು ಒಂದು ವರ್ಷದ ಸಂಬಳಕ್ಕಾಗಿ ದಾಟಿಸುವ ಹಕ್ಕಿಲ್ಲ. ಆರು ವರ್ಷದ ಗಡಿ ನಾಲ್ಕಕ್ಕೆ ಇಳಿಯಲಿ. ಆಗ ಪ್ರಾಯದ ದುಡಿಮೆಗೆ ಪ್ರಾಯದಲ್ಲಿಯೇ ಬೆಲೆ ಸಿಕ್ಕಿ, ಮುಪ್ಪಿನ ಕರಾರಿನ ಜಗಳವೇ ಕಡಿಮೆಯಾದೀತು. ಬೀಗಮುದ್ರೆಯ ಅನಂತರ 2022ರ ಮಾರ್ಚಿನಲ್ಲಿ ಆದ ಒಪ್ಪಂದದ ಅವಧಿ 2026ರ ಡಿಸೆಂಬರ್ 1ರವರೆಗೆ. ಫ್ರೀಮನ್‌ನ ಕರಾರು ಅದಕ್ಕೂ ಒಂದು ವರ್ಷ ಮುಂದೆ, 2027ರವರೆಗೆ ಇದೆ. ಅಟ್ಲಾಂಟಾದವರು ಕೊಡಲೊಲ್ಲದ ಆ ಆರನೆಯ ವರ್ಷ ಅದೇ.